ರೌಂಡ್ಸ್ ಹೊತ್ತಿಗೆ ನಾನು ಏಳಲಿಲ್ಲ

ಬೆಳಿಗ್ಗೆ ನಾನು ಗಂಡಸರ ವಾರ್ಡಿಗೆ ಬಂದಾಗ ಅಪ್ಪನ ಎರಡೂ ಕೈಗಳನ್ನು ಮಂಚದ ಕಂಬಿಗಳಿಗೆ ಕಟ್ಟಿದ್ದರು. ಗಂಟು ಬಿಗಿಯಾಗಿರಲಿಲ್ಲ, ಒಪ್ಪುತ್ತೇನೆ. ಚರ್ಮ ಉಜ್ಜಿಹೋಗದಿರಲೆಂದು ಮಣಿಕಟ್ಟಿಗೆ ಹತ್ತಿ ಸುತ್ತಿ, ಅದರ ಮೇಲೆ ಬ್ಯಾಂಡೇಜು ಬಟ್ಟೆ ಕಟ್ಟಿದ್ದರು. ಕಟ್ಟಿದವರ ಮನಸ್ಸಿನಲ್ಲಿ ಕೇಡಿರಲಿಲ್ಲ ಎಂಬುದಕ್ಕೆ ಆ ಹತ್ತಿಯೇ ಸಾಕ್ಷಿ. ಆದರೂ ಕಟ್ಟಿದ್ದರು. ಕಟ್ಟಿನಿಂದಾಚೆ ಅಪ್ಪನ ಬೆರಳುಗಳು ಮಾತ್ರ ಸುಮ್ಮನಿರದೆ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು.

ಮರ್ಫಿ ಟೌನಿನ ನಮ್ಮ ಮನೆಯ ಬಚ್ಚಲಲ್ಲಿ ಅಪ್ಪ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಕಂಟೋನ್ಮೆಂಟಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಎರಡು ದಿನ ಕಳೆದಿತ್ತು. ಮೂಳೆ ಚೆನ್ನಾಗಿ ಕೂತಿದೆ ಎಂದು ಹೇಳಿದ್ದರು. ಕೆಟ್ಟದ್ದು ಮೂಳೆಯಲ್ಲ, ಅಪ್ಪನ ಹಗಲು ರಾತ್ರಿಗಳ ಲೆಕ್ಕ. ಶಸ್ತ್ರಚಿಕಿತ್ಸೆಯ ನಂತರ ವಯಸ್ಸಾದವರಿಗೆ ಬುದ್ಧಿ ಕೆಲವು ದಿನ ಮಂಕಾಗುವುದುಂಟು ಎಂದು ಮೊದಲೇ ಎಚ್ಚರಿಸಿದ್ದರು.

"ರಾತ್ರಿ ಎರಡ್ ಸಲ ಡ್ರಿಪ್ ಕಿತ್ಕೊಂಡ್ರಮ್ಮ," ಎಂದರು ವಾರ್ಡಿನ ಹಿರಿಯ ಸಿಸ್ಟರ್. "ಬೆಡ್‌ಶೀಟೆಲ್ಲಾ ರಕ್ತ. ಇಡೀ ವಾರ್ಡಿಗೆ ನಾವ್ ಇಬ್ರೇ. ಏನ್ ಮಾಡೋಣ ಹೇಳಿ?"

"ನನ್ನನ್ನ ಕರೀಬಹುದಿತ್ತಲ್ಲ, ಸಿಸ್ಟರ್? ಕೆಳಗಡೆ ಹಾಲಲ್ಲೇ ಮಲಗಿದ್ದೆ."

"ಗಂಡಸ್ರ ವಾರ್ಡು. ರಾತ್ರಿ ಹೆಂಗಸ್ರನ್ನ ಬಿಡಂಗಿಲ್ಲ. ನಿಮ್ಗೂ ಗೊತ್ತು ಅದು."

ಗೊತ್ತಿತ್ತು. ನನ್ನ ತಮ್ಮನಿಗೆ ಬೈಯಪ್ಪನಹಳ್ಳಿಯ ಗೋದಾಮೊಂದರಲ್ಲಿ ರಾತ್ರಿ ಪಾಳಿ. ಹೀಗಾಗಿ ಅಪ್ಪನ ಪಕ್ಕದ ಸ್ಟೂಲು ರಾತ್ರಿಯಿಡೀ ಖಾಲಿಯಿತ್ತು, ನಾನು ಒಂದು ಮಹಡಿ ಕೆಳಗೆ ಸಿಮೆಂಟಿನ ನೆಲದ ಮೇಲೆ ಎಚ್ಚರವಾಗಿಯೇ ಮಲಗಿದ್ದೆ.

ಅಪ್ಪನ ಬೆರಳುಗಳ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಅವರು ದರ್ಜಿ. ಶಿವಾಜಿನಗರದ ಒಂದು ಓಣಿಯ ಅಂಗಡಿಯಲ್ಲಿ ತಮ್ಮ ಪ್ರಾಯವನ್ನೆಲ್ಲ ಕಳೆದವರು. ಹೊಲಿಗೆಯಂತ್ರದ ಕೆಲಸಕ್ಕಿಂತ ಅವರಿಗೆ ಹೆಸರು ತಂದದ್ದು ಕೈಕೆಲಸ. ಗುಂಡಿ ಸಿಕ್ಕಿಸುವ ಸೀಳಿನ ಸುತ್ತ ದಾರ ಹೆಣೆಯುವುದನ್ನು ದರ್ಜಿಗಳು ಕಾಜಾ ಎನ್ನುತ್ತಾರೆ. ಸೂಟುಗಳ ಕಾಜಾ ಮಾಡಲು ಬೇರೆ ಅಂಗಡಿಯವರೂ ಅಪ್ಪನ ಬಳಿಗೆ ಕಳಿಸುತ್ತಿದ್ದರು. ಕೆಲಸ ಬಿಟ್ಟು ವರ್ಷಗಳಾದರೂ ಅವರ ಹೆಬ್ಬೆರಳು ಮತ್ತು ತೋರುಬೆರಳು ಬಟ್ಟೆ ಕಂಡಲ್ಲಿ ಅದರ ಅಂಚನ್ನು ಹಿಡಿದು, ಮಡಿಚಿ, ಚಿವುಟಿ ನೋಡುತ್ತಿದ್ದವು. ಮನೆಗೆ ಬಂದವರ ದುಪಟ್ಟಾ, ಕಿಟಕಿಯ ಪರದೆ, ನನ್ನ ಸೆರಗು, ಏನಾದರೂ ಸರಿ. ಒಮ್ಮೆ ಹಲಸೂರಿಗೆ ಹೋಗುವ ಬಸ್ಸಿನಲ್ಲಿ ಮುಂದೆ ನಿಂತಿದ್ದ ಅಪರಿಚಿತನ ಅಂಗಿಯ ತುದಿ ಹಿಡಿದುಬಿಟ್ಟಿದ್ದರು. ಆತ ಜೇಬುಗಳ್ಳನೆಂದು ಕೂಗಿದ. ಅಪ್ಪ ಶಾಂತವಾಗಿ, "ಜೇಬಿಗೆ ಕೈ ಹಾಕಿಲ್ಲಪ್ಪ, ಈ ಪಟ್ಟಿ ಬಿಚ್ಕೊಳ್ತಿದೆ, ಮನೇಗ್ ಹೋಗಿ ಎರಡ್ ಹೊಲಿಗೆ ಹಾಕಿಸ್ಕೋ," ಎಂದಿದ್ದರು. ಬಸ್ಸಿಗೆ ಬಸ್ಸೇ ನಕ್ಕಿತ್ತು.

ಆ ಬೆರಳುಗಳಿಗೆ ಈಗ ಸಿಕ್ಕಿದ್ದು ಡ್ರಿಪ್ಪಿನ ಸೂಜಿಗೆ ಅಂಟಿಸಿದ್ದ ಟೇಪಿನ ಅಂಚು.

ನಮ್ಮೂರಿನ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗಿರುವ ಮನೆಯವರನ್ನು ಅಟೆಂಡರ್ ಎನ್ನುತ್ತಾರೆ. ಅಟೆಂಡರ್ ಎಂದರೆ ಯಾರು ಎಂಬುದನ್ನು ನಾನು ಆ ವಾರ್ಡಿನಲ್ಲಿ ಕಲಿತೆ. ರೋಗಿಯ ಮೈ ಒರೆಸುವವರು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವವರು, ಬೆಡ್‌ಪ್ಯಾನ್ ಇಡುವವರು, ಔಷಧದ ಚೀಟಿ ಹಿಡಿದು ಕೆಳಗೆ ಓಡುವವರು, ರಕ್ತದ ಶೀಶೆಯನ್ನು ಲ್ಯಾಬಿಗೆ ಮುಟ್ಟಿಸುವವರು ಎಲ್ಲರೂ ಅಟೆಂಡರೇ. ಈ ಕೆಲಸಗಳಿಗೆ ಯಾರೂ ನಮ್ಮನ್ನು ತಡೆಯುತ್ತಿರಲಿಲ್ಲ. ಆದರೆ ದೊಡ್ಡ ಡಾಕ್ಟರು ರೌಂಡ್ಸ್‌ಗೆ ಬರುವ ಹೊತ್ತಾಯಿತೆಂದರೆ ಸೆಕ್ಯುರಿಟಿಯವನು ಬಂದು, "ಅಟೆಂಡರ್ಸ್ ಎಲ್ಲಾ ಆಚೆ, ಆಚೆ ಬನ್ನಿ," ಎಂದು ನಮ್ಮನ್ನು ಗಾಜಿನ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದ. ಮಲಮೂತ್ರದ ಹೊತ್ತಿನಲ್ಲಿ ನಾವು ಒಳಗಿನವರು, ನಿರ್ಧಾರದ ಹೊತ್ತಿನಲ್ಲಿ ಹೊರಗಿನವರು.

ಇನ್ನೊಂದು ನಿಯಮವೂ ಇತ್ತು. ಸೇರಿಸಿಕೊಳ್ಳುವ ದಿನ ರೋಗಿಯ ಮೈಮೇಲಿನ ವಸ್ತುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಮನೆಯವರಿಗೆ ಕೊಡುತ್ತಾರೆ. ಕಳೆದುಹೋದರೆ ಆಸ್ಪತ್ರೆಗೆ ತಲೆನೋವು, ನಿಜ. ಅಪ್ಪನ ಮೈಮೇಲೆ ಚಿನ್ನವೇನೂ ಇರಲಿಲ್ಲ. ಕವರಿನೊಳಗೆ ಬಂದದ್ದು ಕನ್ನಡಕ, ಕಟ್ಟಿಸಿದ ಹಲ್ಲಿನ ಸೆಟ್ಟು ಮತ್ತು ಕಿವಿಗೆ ಹಾಕುವ ಯಂತ್ರ. ಅದನ್ನು ಆಸ್ಪತ್ರೆಯವರು ಹೇಳಿದಂತೆಯೇ ನಾನು ನನ್ನ ಕೈಚೀಲದಲ್ಲಿ ಜೋಪಾನವಾಗಿಟ್ಟುಕೊಂಡಿದ್ದೆ.

ಆ ಬೆಳಿಗ್ಗೆಯ ರೌಂಡ್ಸ್ ಅನ್ನು ನಾನು ಗಾಜಿನಾಚೆಯಿಂದ ನೋಡಿದೆ. ದೊಡ್ಡ ಡಾಕ್ಟರು ಬಾಗಿ ಏನೋ ಕೇಳಿದರು. ಅಪ್ಪ ಚಾವಣಿ ನೋಡುತ್ತಿದ್ದರು. ಮತ್ತೇನೋ ಕೇಳಿದರು. ಅಪ್ಪ ಫ್ಯಾನು ನೋಡಿದರು. ಜೊತೆಗಿದ್ದ ಕಿರಿಯ ಡಾಕ್ಟರು ಬರೆದುಕೊಂಡರು. ಬಾಳೆಹಣ್ಣು ಸುಲಿಯುವಷ್ಟು ಹೊತ್ತೂ ಆಗಲಿಲ್ಲ, ಮುಂದಿನ ಮಂಚಕ್ಕೆ ಹೋದರು. ಆಗ ನನಗೆ ಹೊಳೆಯಿತು. ಡಾಕ್ಟರು ಅಪ್ಪನ ಬುದ್ಧಿಯನ್ನು ಪರೀಕ್ಷಿಸುತ್ತಿದ್ದಾರೆ, ಅಪ್ಪನ ಕಿವಿ, ಕಣ್ಣು, ಹಲ್ಲುಗಳು ಮಾತ್ರ ಬಾಗಿಲ ಹೊರಗೆ ನನ್ನ ಚೀಲದಲ್ಲಿವೆ.

ಒಳಗೆ ಓಡಿದಾಗ ಸಿಸ್ಟರ್ ಹೇಳಿದ್ದು ಇಷ್ಟು: "ಏನ್ ಕೇಳಿದ್ರೂ ಉತ್ತರ ಇಲ್ಲ, ಗೊಂದಲ ಜಾಸ್ತಿ ಇದೆ. ಊಟಾನೂ ತಗೋತಿಲ್ಲ. ನಾಳೆ ರೌಂಡ್ಸ್ ಆದ್ಮೇಲೆ ಮೂಗಿಂದ ಟ್ಯೂಬ್ ಹಾಕ್ತೀವಿ. ಅಲ್ಲೀವರ್ಗೂ ಕೈ ಬಿಚ್ಚಂಗಿಲ್ಲ."

"ಟ್ಯೂಬ್ ಹಾಕಿದ್ ಮೇಲೆ ಬಿಚ್ತೀರಾ?"

ಸಿಸ್ಟರ್ ನನ್ನ ಮುಖ ನೋಡಿದರು. "ಆಮೇಲ್ ಹೆಂಗಮ್ಮ ಬಿಚ್ಚೋದು? ಟ್ಯೂಬ್ ಕಿತ್ಕೊಂಡ್ಬಿಡ್ತಾರೆ."

ಡ್ರಿಪ್ಪಿಗಾಗಿ ಕೈ ಕಟ್ಟಿದ್ದರು. ಕಟ್ಟಿದ ಕೈಯಿಂದ, ಹಲ್ಲಿಲ್ಲದ ಬಾಯಿಂದ ಊಟ ಮಾಡಲಿಲ್ಲವೆಂದು ಟ್ಯೂಬು. ಟ್ಯೂಬು ಹಾಕಿದ ಮೇಲೆ ಅದಕ್ಕಾಗಿ ಮತ್ತೆ ಕಟ್ಟು. ನಾನು ಯಂತ್ರವನ್ನು ಕಿವಿಗೆ ಹಾಕಲು ಹೋದೆ. ಅಷ್ಟರಲ್ಲಿ ಮಂಪರಿನ ಇಂಜೆಕ್ಷನ್ ಕೊಟ್ಟಾಗಿತ್ತು. ಅಪ್ಪ ಸಂಜೆಯವರೆಗೆ ಕಣ್ಣು ಬಿಡಲಿಲ್ಲ. ನನಗೆ ಉಳಿದಿದ್ದ ಅವಕಾಶ ಮರುದಿನದ ರೌಂಡ್ಸ್ ಒಂದೇ.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ನಮಗೆ ಕಲಿಸಿದ ಅಧ್ಯಾಪಕರು ಒಂದು ಶಿಸ್ತು ಹಾಕಿಕೊಟ್ಟಿದ್ದರು. ಎದುರಾಳಿಯ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ಮಂಡಿಸಬೇಕು, ಆಮೇಲೆ ಉತ್ತರಿಸುವ ಹಕ್ಕು ಬರುತ್ತದೆ. ಆದ್ದರಿಂದ ಮಂಡಿಸುತ್ತೇನೆ. ರೌಂಡ್ಸ್ ಹೊತ್ತಿನಲ್ಲಿ ಒಬ್ಬ ಡಾಕ್ಟರಿಗೆ ಇಡೀ ವಾರ್ಡು ನೋಡುವುದಿರುತ್ತದೆ. ಪ್ರತಿ ಮಂಚದ ಪಕ್ಕದಲ್ಲೂ ಒಬ್ಬೊಬ್ಬರು ನಿಂತು ಹತ್ತು ಪ್ರಶ್ನೆ ಕೇಳಿದರೆ ಕೊನೆಯ ರೋಗಿಯ ಸರದಿ ಸಂಜೆಗೆ ಬರುತ್ತದೆ. ಒಬ್ಬರ ಕಾಯಿಲೆ ಪಕ್ಕದವರ ಕಿವಿಗೆ ಬೀಳಬಾರದು. ಜನ ಹೆಚ್ಚಿದಷ್ಟೂ ಸೋಂಕು ಹೆಚ್ಚು. ಸಿಟ್ಟಿಗೆದ್ದ ಸಂಬಂಧಿಕರು ಡಾಕ್ಟರುಗಳ ಮೇಲೆ ಕೈ ಮಾಡಿದ್ದೂ ಉಂಟು. ಇದರಲ್ಲಿ ಸುಳ್ಳು ಒಂದೂ ಇಲ್ಲ.

ಉತ್ತರವೂ ಇದೆ. ಅದೇ ಸೋಂಕಿನ ಭಯ ನಾವು ಬೆಡ್‌ಪ್ಯಾನ್ ಹಿಡಿದಾಗ ಎಲ್ಲಿ ಹೋಗುತ್ತದೆ? ನಮ್ಮ ಕೈ ಬೇಕು, ನಮ್ಮ ಕಾಲು ಬೇಕು, ಬಾಯಿ ಮಾತ್ರ ಬೇಡ ಎನ್ನುವುದು ಯಾವ ವೈದ್ಯಶಾಸ್ತ್ರ? ರೋಗಿಯನ್ನು ಮೂರು ದಿನದಿಂದ ಬಲ್ಲವರು ನಿರ್ಧರಿಸುವಾಗ, ಮೂವತ್ತು ವರ್ಷದಿಂದ ಬಲ್ಲವರನ್ನು ಒಂದು ಮಾತು ಕೇಳಿದರೆ ಕಳೆಯುವ ಹೊತ್ತು ಹೆಚ್ಚೋ, ಕೇಳದೆ ಹೋದರೆ ಕಳೆಯುವುದು ಹೆಚ್ಚೋ?

ಅಷ್ಟೇ ಅಲ್ಲ, 'ಹೊರಗೆ ನಿಲ್ಲಿ' ಎಂಬ ಮಾತಿಗೆ ನಮ್ಮ ಮನೆಯಲ್ಲಿ ಬೇರೆಯದೇ ಭಾರವಿದೆ. ನನ್ನ ತಾತ ಕೆ.ಆರ್. ಪುರದಾಚೆಯ ಹಳ್ಳಿಯೊಂದರಿಂದ ಬಂದವರು. ಅಲ್ಲಿನ ಹೋಟೆಲಿನ ಹೊರಗೆ, ತೆಂಗಿನ ಚಿಪ್ಪಿನಲ್ಲಿ ಅವರಿಗೆ ಟೀ ಹೊಯ್ಯುತ್ತಿದ್ದರು. ಅಪ್ಪ ಈ ಕತೆಯನ್ನು ಎಂದೂ ಕೋಪದಿಂದ ಹೇಳಿದವರಲ್ಲ. ಗಿರಾಕಿಯ ಎದೆಯಳತೆ ಹೇಳುವಷ್ಟೇ ನಿರ್ವಿಕಾರವಾಗಿ ಹೇಳುತ್ತಿದ್ದರು. ನಮ್ಮ ಗೋಡೆಗೆ ಬುದ್ಧನ ಪಟ ಬಂದದ್ದು ಇನ್ನು ಯಾವ ಬಾಗಿಲ ಹೊರಗೂ ನಿಲ್ಲುವುದಿಲ್ಲವೆಂದು ನಿರ್ಧರಿಸಿದ ಮೇಲೆ. ಈ ಗಾಜಿನ ಬಾಗಿಲಲ್ಲಿ ಯಾರೂ ಜಾತಿ ಕೇಳುತ್ತಿರಲಿಲ್ಲ, ಅದೂ ನಿಜ. ಎಲ್ಲರನ್ನೂ ಸಮಾನವಾಗಿ ಹೊರಗಿಡುತ್ತಿದ್ದರು. ಸಮಾನತೆಯ ಈ ರೂಪಕ್ಕೆ ನಾನು ಚಪ್ಪಾಳೆ ತಟ್ಟಲಾರೆ.

ಪಾಳಿ ಮುಗಿಸಿ ಬಂದ ತಮ್ಮ ಕಟ್ಟಿದ ಕೈಗಳ ಮೇಲೆ ಹೊದಿಕೆ ಎಳೆದ. ನಾನು ಡಾಕ್ಟರನ್ನು ಎದುರುಹಾಕಿಕೊಳ್ಳುತ್ತೇನೆ ಎಂದಾಗ ನನ್ನತ್ತ ತಿರುಗಿದ.

"ಅಕ್ಕ, ನಿನ್ ಭಾಷಣ ಎಲ್ಲಾ ನಿನ್ ಸ್ಕೂಲ್ ಮಕ್ಳಿಗ್ ಇಟ್ಕೋ. ಇಲ್ಲಿ ಸೂಜಿ ಅವ್ರ ಕೈಲಿದೆ. ಇವತ್ ನೀನ್ ಗೆದ್ರೆ ನಾಳೆ ಚುಚ್ಚಿಸ್ಕೊಳ್ಳೋರು ಅಪ್ಪ."

"ಸುಮ್ನಿದ್ರೆ ಚುಚ್ಚಲ್ವಾ?"

"ಸುಮ್ನಿದ್ರೆ ಮೆಲ್ಲಗ್ ಚುಚ್ತಾರೆ."

ಸ್ಪರ್ಧೆಯಲ್ಲಿ ಸೋತವನು ಮನೆಗೆ ಹೋಗಿ ಊಟ ಮಾಡಿ ಮಲಗಬಹುದು. ಇಲ್ಲಿ ತೀರ್ಪುಗಾರನೇ ಎದುರಾಳಿ, ಪಣವಾಗಿ ಮಲಗಿದ್ದವರು ಅಪ್ಪ.

ಆದರೂ ಮಧ್ಯಾಹ್ನ ದೊಡ್ಡ ಡಾಕ್ಟರು ಮೆಟ್ಟಿಲಿಳಿದು ಬರುವಾಗ ಅಡ್ಡ ನಿಂತೆ. ನಾಳೆಯ ರೌಂಡ್ಸ್‌ನಲ್ಲಿ ಅಪ್ಪನ ಪಕ್ಕದಲ್ಲಿರಲು ಬಿಡಿ ಎಂದು ಕೇಳಿದೆ. ಕಿವಿಯಂತ್ರದ ವಿಷಯ ಹೇಳಿದೆ. ಅವರು ದುಷ್ಟರಲ್ಲ, ದಣಿದವರು. ಗೋಡೆಗೆ ಒರಗಿ ನಿಂತು ಪೂರ್ತಿ ಕೇಳಿದರು.

"ನೀವ್ ಏನ್ ಮಾಡ್ತೀರಿ?"

"ಹೈಸ್ಕೂಲ್ ಟೀಚರ್, ಸರ್."

"ನೋಡಿ, ಓದಿದವ್ರು. ಹೇಳಿದ್ರೆ ಅರ್ಥ ಮಾಡ್ಕೋತೀರಿ. ನೀವೊಬ್ರು ನಾಳೆ ಒಳಗಿರಿ, ನಾನ್ ಸಿಸ್ಟರ್‌ಗ್ ಹೇಳಿರ್ತೀನಿ. ಎಲ್ರನ್ನೂ ಬಿಟ್ಟರೆ ಮಾರ್ಕೆಟ್ ಆಗ್ಹೋಗುತ್ತೆ."

ನಾನು ಕೇಳಿದ್ದು ಸಿಕ್ಕಿತ್ತು. ಆದರೆ ಸಿಕ್ಕಿದ್ದು ಓದಿದವಳೆಂದು ನನಗೊಬ್ಬಳಿಗೆ. ಅಪ್ಪನ ಪಕ್ಕದ ಮಂಚದ ರೋಗಿಯ ಹೆಂಡತಿ ನನ್ನ ಹಿಂದೆಯೇ ಮೆಟ್ಟಿಲ ಮೇಲೆ ಕೂತಿದ್ದರು. ಶಿವಾಜಿನಗರದ ಮಾರುಕಟ್ಟೆಯ ಬೆನ್ನಿಗೇ ಅವರ ಮನೆ. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ. ನಾನು ಅವರನ್ನು ಅವರ ಮಾತಿನಲ್ಲೇ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಡಾಕ್ಟರು ಹೋದ ಮೇಲೆ ಖಾಲಾ ಬುರ್ಖಾ ಕೊಡವಿಕೊಂಡು ಎದ್ದರು.

"ಮಾರ್ಕೆಟ್ನಲ್ಲಿ ಏನ್ ಬೇಕು ಅಂತ ಕೇಳ್ಬಿಟ್ಟು ತೂಗ್ತಾರೆ, ಬೇಟಿ. ಇಲ್ಲಿ ಕೇಳೋದೇ ಇಲ್ಲ."

ಅವರ ಗಂಡನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ದೊಡ್ಡದಾಗಿ ಶಸ್ತ್ರಚಿಕಿತ್ಸೆ ಆಗಿತ್ತು. ಸದ್ಯದಲ್ಲೇ ಮನೆಗೆ ಕಳಿಸುವವರಿದ್ದರು. ಖಾಲಾಗೆ ಅದು ಸರಿ ಕಾಣಲಿಲ್ಲ. ರಾತ್ರಿ ಜೊತೆಗಿರುತ್ತಿದ್ದ ಅಳಿಯ ಹೇಳಿದ ಪ್ರಕಾರ ಮುದುಕರು ಎರಡು ರಾತ್ರಿಯಿಂದ ಮಲಗಿಯೇ ಇಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬು ಅಪ್ಪಿಕೊಂಡು ಕೂತೇ ಇರುತ್ತಾರೆ.

"ಡಾಕ್ಟರ್ ಕೇಳಿದಾಗ ಹೇಳಲ್ವಾ ಖಾಲಾ ಅವ್ರು?"

"ಅವ್ರಾ? ಹೇಗಿದ್ದೀರಿ ಅಂದ್ರೆ 'ಅಲ್ಲಾಕಾ ಕರಮ್ ಹೈ' ಅಂತಾರೆ. ಮನೆ ಛತ್ತು ತಲೆ ಮೇಲ್ ಬಿದ್ರೂ ಅದೇ ಅಂತಾರೆ. ದೇವ್ರ ದಯೆ ಅನ್ನೋದು ದೇವ್ರಿಗ್ ಹೇಳೋ ಮಾತು, ಡಾಕ್ಟರ್‌ಗ್ ಹೇಳೋ ಜವಾಬು ಅಲ್ಲ. ಆದ್ರೆ ಡಾಕ್ಟರು ಚೆನ್ನಾಗಿದ್ದಾರೆ ಅಂತ ಬರ್ಕೊಂಡ್ ಹೋಗ್ತಾರೆ."

"ಸಿಸ್ಟರ್‌ಗ್ ಹೇಳಿದ್ರಾ?"

"ಹೇಳ್ದೆ. ಗ್ಯಾಸ್ ಇರ್ಬೇಕು ಅಂದ್ರು." ಖಾಲಾ ನನ್ನ ತೋಳು ಹಿಡಿದರು. "ನೀನ್ ನಾಳೆ ಒಳಗಿರ್ತೀಯಲ್ಲ. ನಿಮ್ ಅಪ್ಪಂದು ಹೇಳಾದ್ ಮೇಲೆ ನಮ್ದೂ ಒಂದ್ ಮಾತು ಹೇಳು."

ತಮ್ಮ ಆ ರಾತ್ರಿ ಪಾಳಿಗೆ ರಜೆ ಹಾಕಿ ಅಪ್ಪನ ಪಕ್ಕ ಕೂತ. ಬೆಳಿಗ್ಗೆ ಅಪ್ಪ ಕಣ್ಣು ಬಿಟ್ಟಾಗ ನಾನು ಹಲ್ಲಿನ ಸೆಟ್ಟು ತೊಳೆದು ಕೂರಿಸಿ, ಕನ್ನಡಕ ಒರೆಸಿ ಹಾಕಿ, ಯಂತ್ರವನ್ನು ಕಿವಿಗೆ ಸಿಕ್ಕಿಸಿದೆ. ಅವರ ಮುಖ ನಿಧಾನವಾಗಿ ಅಪ್ಪನ ಮುಖವಾಯಿತು. ಎಲ್ಲರೂ ಹೊರಗೆ ಹೋದರು, ನಾನು ಉಳಿದೆ. ಗಾಜಿನಾಚೆ ನಿಂತ ಮುಖಗಳನ್ನು ಒಳಗಿನಿಂದ ನೋಡುವುದು ಇನ್ನೂ ಕಷ್ಟವೆಂದು ಆಗ ತಿಳಿಯಿತು.

ಡಾಕ್ಟರು ಬಂದರು. "ಅಜ್ಜ, ಎಲ್ಲಿದ್ದೀರಿ ಈಗ?"

"ಆಸ್ಪತ್ರೇಲಿ. ಇನ್ನೆಲ್ಲಿ? ಅಂಗಡೀಲಿ ಹಿಂಗ್ ಮಲ್ಕೊಂಡ್ರೆ ಓನರ್ ಬಿಡ್ತಾನಾ?"

ಕಿರಿಯ ಡಾಕ್ಟರು ನಕ್ಕುಬಿಟ್ಟರು. "ಇವತ್ ಯಾವ ವಾರ?" ಎಂದರು ದೊಡ್ಡವರು.

"ಶುಕ್ರವಾರ."

ಅಂದು ಬುಧವಾರ. ಅಪ್ಪ ನನ್ನ ಕಡೆ ತಿರುಗಿ, ಅವ್ವ ಊಟ ಮಾಡಿದಳೇ ಎಂದು ಕೇಳಿದರು. ಅವರ ಅವ್ವ ತೀರಿಹೋದಾಗ ನಾನಿನ್ನೂ ಹುಟ್ಟಿರಲಿಲ್ಲ. ಡಾಕ್ಟರು ನನ್ನತ್ತ ನೋಡಿದ ನೋಟದ ಅರ್ಥ ನನಗಾಯಿತು. ಅಪ್ಪನಿಗೆ ಗೊಂದಲವಿತ್ತು, ಅದನ್ನು ನಾನು ನಿರಾಕರಿಸಲಿಲ್ಲ.

"ಗೊಂದಲ ಇದೆ, ಸರ್. ಆದ್ರೆ ನಿನ್ನೆ ಏನೂ ಕೇಳಿಸ್ದೆ ಇದ್ದವ್ರು ಇವತ್ತು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾರೆ. ಅರ್ಧ ಸರಿ, ಅರ್ಧ ತಪ್ಪು. ಅರ್ಧ ಸರಿ ಇರೋವ್ರ ಎರಡೂ ಕೈ ಯಾಕ್ ಕಟ್ಬೇಕು?"

"ಬೆರಳು ನೋಡಿ," ಎಂದರು ಅವರು. "ಸುಮ್ಮನೆ ಬಟ್ಟೆ ಚಿವುಟ್ತಿದ್ದಾರೆ. ಗೊಂದಲದ ಲಕ್ಷಣ ಅದು. ಮೊದ್ಲು ಅದೇ ನಮಗೆ ಕಾಣೋದು."

"ಇರಬಹುದು, ಸರ್. ಆದ್ರೆ ಈ ಲಕ್ಷಣಕ್ಕೆ ನನಗಿಂತ ಜಾಸ್ತಿ ವಯಸ್ಸಾಗಿದೆ." ನಾನು ಕಾಜಾ ಕೆಲಸದ ಬಗ್ಗೆ ಹೇಳಿದೆ. ಮನೆಯಿಂದ ತಂದಿದ್ದ, ಅಂಚು ಬಿಚ್ಚಿದ ಹತ್ತಿಯ ಬಟ್ಟೆಯೊಂದನ್ನು ಅಪ್ಪನ ಬಲಗೈಗೆ ಕೊಟ್ಟೆ. ಬೆರಳುಗಳು ಅದನ್ನು ಹಿಡಿದು ಮಡಿಚತೊಡಗಿದವು, ಟೇಪನ್ನು ಮರೆತವು. ಎಷ್ಟು ಹೊತ್ತು ಮರೆಯುತ್ತವೆಂದು ನನಗೂ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. "ಖಾತ್ರಿ ಕೊಡಲ್ಲ, ಸರ್. ಪಕ್ಕದಲ್ಲಿ ನಾನಿರ್ತೀನಿ, ರಾತ್ರಿ ತಮ್ಮ ಇರ್ತಾನೆ. ಕೂರಿಸಿ ಊಟ ಮಾಡಿಸ್ತೀವಿ. ನುಂಗಕ್ಕಾಗಲಿಲ್ಲ ಅಂದ್ರೆ ನಾನೇ ಬಂದ್ ಹೇಳ್ತೀನಿ."

ಅವರು ಯೋಚಿಸಿದರು. "ಇವತ್ತೊಂದ್ ದಿನ ನೋಡೋಣ. ಟ್ಯೂಬ್ ಬೇಕೋ ಬೇಡ್ವೋ ನಾಳೆ ರೌಂಡ್ಸ್‌ನಲ್ಲಿ ಹೇಳ್ತೀನಿ." ಸಿಸ್ಟರ್ ಗಂಟು ಬಿಚ್ಚಿದರು. ಅವರ ಮುಖದಲ್ಲೂ ನೆಮ್ಮದಿ ಕಂಡೆ. ಕಟ್ಟುವುದು ಅವರಿಗೂ ಇಷ್ಟದ ಕೆಲಸವಾಗಿರಲಿಲ್ಲ.

ಡಾಕ್ಟರು ಪಕ್ಕದ ಮಂಚಕ್ಕೆ ಹೋದರು. "ಹೇಗಿದ್ದೀರಿ ಬಾಬಾ?"

ಖಾಲಾರ ಗಂಡ ಎದೆಯ ಮೇಲೆ ಕೈಯಿಟ್ಟು, ಮುಗುಳ್ನಕ್ಕು, "ಅಲ್ಲಾಕಾ ಕರಮ್ ಹೈ, ಸಾಬ್," ಎಂದರು.

"ಗುಡ್. ಗಾಯ ಒಣಗಿದೆ. ನಾಳೆ ಡಿಸ್ಚಾರ್ಜ್ ಮಾಡಿ."

ನನಗೆ ತಮ್ಮನ ಮಾತು ನೆನಪಾಯಿತು. ಅಪ್ಪನ ಬಿಚ್ಚಿದ ಕೈ ಆ ಕ್ಷಣದಲ್ಲಿ ಈ ಮನುಷ್ಯನ ಪ್ರಸನ್ನತೆಯ ಮೇಲೆ ನಿಂತಿತ್ತು. ಸುಮ್ಮನಿದ್ದರೆ ನಮ್ಮ ಮನೆಯ ಮಟ್ಟಿಗೆ ಎಲ್ಲವೂ ಸುಸೂತ್ರ.

"ಸರ್, ಅವ್ರು ಮೂರು ರಾತ್ರಿಯಿಂದ ಮಲಗಿಲ್ಲ," ಎಂದೆ.

ಡಾಕ್ಟರು ತಿರುಗಿದರು. "ಮೇಡಂ, ನಾನ್ ಪರ್ಮಿಷನ್ ಕೊಟ್ಟಿದ್ದು ನಿಮ್ ತಂದೆ ಬೆಡ್‌ಗೆ ಮಾತ್ರ."

"ಹೌದು, ಸರ್. ನನಗ್ ಗೊತ್ತಿರೋದೂ ಅರ್ಧಾನೇ. ಪೂರ್ತಿ ಗೊತ್ತಿರೋರನ್ನ ಆಚೆ ನಿಲ್ಲಿಸಿದ್ದೀರಿ."

"ಇದಕ್ಕೇ ನಾನ್ ಒಬ್ರನ್ನೂ ಬಿಡಲ್ಲ ಅನ್ನೋದು!"

ನಾನು ಹೋಗಿ ಬಾಗಿಲು ತೆರೆದು, "ಖಾಲಾ, ಬನ್ನಿ," ಎಂದೆ. ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದ. ಖಾಲಾ ಆ ಕೈಯ ಕೆಳಗೆ ಬಗ್ಗಿ ಒಳಗೆ ಬಂದರು. ಯಾವ ಪೀಠಿಕೆಯೂ ಇಲ್ಲದೆ ನೇರ ಡಾಕ್ಟರಿಗೆ ಹೇಳಿದರು.

"ಸಾಬ್, ಇವ್ರನ್ನ ಒಂದ್ಸಲ ಪೂರಾ ಮಲಗ್ಸಿ ನೋಡಿ. ಕೂತಿದ್ರೆ ಎಲ್ಲಾ ಚೆನ್ನಾಗೇ ಇರ್ತದೆ."

ಸಿಟ್ಟಿನಲ್ಲೇ ಡಾಕ್ಟರು ಹಾಸಿಗೆಯ ತಲೆಭಾಗ ಇಳಿಸಿದರು. ಮುದುಕರು ಮಲಗಿ ಸ್ವಲ್ಪ ಹೊತ್ತು ಮುಗುಳ್ನಗುತ್ತಲೇ ಇದ್ದರು. ಆಮೇಲೆ ಬಾಯಿ ತೆರೆಯಿತು, ಕುತ್ತಿಗೆಯ ನರ ಉಬ್ಬಿತು, ಕೈ ಕಂಬಿಯನ್ನು ಹುಡುಕಿತು. ಡಾಕ್ಟರು ಅವರನ್ನು ಎಬ್ಬಿಸಿ ಕೂರಿಸಿ, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ನಂತರ ಎದೆಯ ಎಕ್ಸ್‌ರೇ, ಹೃದಯದ ಸ್ಕ್ಯಾನು ಎಂದು ಒಂದೊಂದಾಗಿ ಹೇಳತೊಡಗಿದರು. ಡಿಸ್ಚಾರ್ಜ್ ಎಂಬ ಪದ ಮತ್ತೆ ಯಾರ ಬಾಯಿಂದಲೂ ಬರಲಿಲ್ಲ.

ಹೊರಡುವಾಗ ಅವರು ಸಿಸ್ಟರಿಗೆ ಹೇಳಿದ್ದು ನನಗೆ ಕೇಳಲೆಂದೇ ಇತ್ತು. "ನಾಳೆಯಿಂದ ಎಲ್ಲಾ ಅಟೆಂಡರ್ಸೂ ಆಚೆ. ಇವರೂ ಸೇರಿ."

ಆ ದಿನ ಅಪ್ಪ ಟೀಯಲ್ಲಿ ಅದ್ದಿದ ಬನ್ನು ತಿಂದರು. ಮಧ್ಯಾಹ್ನ ಮೆತ್ತಗಿನ ಅನ್ನ ಸಾರು ಅರ್ಧ ತಿಂದು ಅರ್ಧ ಬೇಡವೆಂದರು. ಸಂಜೆ ಬಟ್ಟೆ ಬೇಸರವಾಗಿ ಒಮ್ಮೆ ಟೇಪಿಗೆ ಕೈ ಹಾಕಿದರು, ನಾನು ಆ ಕೈ ಹಿಡಿದುಕೊಂಡು ಕೂತೆ. ರಾತ್ರಿ ತಮ್ಮ ಹಿಡಿದುಕೊಂಡ. ಡ್ರಿಪ್ಪು ಉಳಿಯಿತು. ಆದರೆ ಅರ್ಧ ಊಟ ಸಾಕೇ ಎಂದು ತೀರ್ಮಾನಿಸಬೇಕಾದವರು ಬರುವ ಹೊತ್ತಿಗೆ ನಾನು ಮತ್ತೆ ಬಾಗಿಲ ಹೊರಗಿರಬೇಕಿತ್ತು.

ಮರುದಿನ ಸೆಕ್ಯುರಿಟಿಯವನು ಬಂದ. "ಅಟೆಂಡರ್ಸ್ ಎಲ್ಲಾ ಆಚೆ. ಮೇಡಂ, ಏಳಿ."

"ನಾನ್ ಏಳಲ್ಲಪ್ಪ."

"ಮೇಡಂ, ನನ್ ಕೆಲ್ಸಕ್ ಕುತ್ತು ತರ್ಬೇಡಿ. ಇನ್ನೊಬ್ಬ ಸೆಕ್ಯುರಿಟಿಯವ್ರು ಮೊನ್ನೆ ಇದಕ್ಕೇ ಬೈಸ್ಕೊಂಡ್ರು."

ಅವನ ಮಾತು ನನಗೆ ನೋವು ತಂದಿತು. ಅವನೊಡನೆ ನನಗೆ ಜಗಳವಿರಲಿಲ್ಲ. "ನೀವ್ ನನ್ನನ್ನ ಎಬ್ಬಿಸಿದ್ರಿ, ನಾನ್ ಏಳ್ಲಿಲ್ಲ. ಇದನ್ನೇ ಎಲ್ರ ಮುಂದೆ ಗಟ್ಟಿಯಾಗ್ ಹೇಳಿ. ತಪ್ಪು ನಂದು, ನಿಮ್ದಲ್ಲ ಅಂತ ನಾನೂ ಹೇಳ್ತೀನಿ."

ಅವನು ಖಾಲಾ ಕಡೆ ತಿರುಗಿದ. ಖಾಲಾ ಗಂಡನ ಕಾಲಬುಡದ ಸ್ಟೂಲಿನಲ್ಲಿ ಇನ್ನಷ್ಟು ಭದ್ರವಾಗಿ ಕೂತರು. "ನಂಗ್ ಮಂಡಿ ನೋವು, ಬೇಟಾ. ಕೂತ್ರೆ ಏಳಕ್ಕಾಗಲ್ಲ."

"ಈಗ ತಾನೇ ಟೀ ತಗೊಂಡ್ ಬಂದ್ರಲ್ಲಮ್ಮ ನಡ್ಕೊಂಡು!"

"ಅದಕ್ಕೇ ನೋವು."

ಕಿಟಕಿ ಪಕ್ಕದ ಮಂಚದ ರೋಗಿಯ ಮಗ ಅರ್ಧ ಎದ್ದವನು ಮತ್ತೆ ಕೂತ. ಉಳಿದವರು ಹೊರಗೆ ಹೋದರು, ಅವರನ್ನು ನಾನು ದೂರುವುದಿಲ್ಲ. ತಮ್ಮ ಹೋಗಲೂ ಇಲ್ಲ, ಕೂರಲೂ ಇಲ್ಲ, ಗೋಡೆಗೆ ಅಂಟಿ ನಿಂತ. ದೊಡ್ಡ ಡಾಕ್ಟರು ಬಾಗಿಲಲ್ಲಿ ಬಂದು ನಿಂತು, ಕೂತ ನಮ್ಮ ಮೂವರನ್ನೂ ನೋಡಿದರು. ಸೆಕ್ಯುರಿಟಿಯವನು ಗಟ್ಟಿಯಾಗಿ, "ಹೇಳ್ದೆ ಸಾರ್, ಏಳ್ತಾ ಇಲ್ಲ," ಎಂದ. ನಾನು, "ಹೌದು ಸರ್, ನಾನೇ ಏಳಲ್ಲ ಅಂದಿದ್ದು," ಎಂದೆ.

ನಮ್ಮನ್ನು ಎಳೆದು ಹಾಕಿಸುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಸಿದ್ಧಳಾಗಿದ್ದೆ ಎಂದರೆ ಸುಳ್ಳಾಗುತ್ತದೆ. ಅವರು ಎಳೆದು ಹಾಕಿಸಲಿಲ್ಲ. ನಾವು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮೊದಲ ಮಂಚದಿಂದ ಶುರು ಮಾಡಿದರು. ಅಪ್ಪನ ಬಳಿ ಬಂದಾಗ ನನ್ನತ್ತ ನೋಡದೆ ಸಿಸ್ಟರನ್ನು ಕೇಳಿದರು. "ಎಷ್ಟ್ ತಿಂದ್ರು?"

ಸಿಸ್ಟರ್ ನನ್ನತ್ತ ನೋಡಿದರು. ಉತ್ತರ ಅವರ ಬಳಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ನಾನು ಹೇಳಿದೆ. ತಿಂದದ್ದು, ಬಿಟ್ಟದ್ದು, ಒಮ್ಮೆ ಕೆಮ್ಮಿದ್ದು, ಟೇಪಿಗೆ ಕೈ ಹಾಕಿದ್ದು, ಏನನ್ನೂ ಮುಚ್ಚದೆ ಹೇಳಿದೆ. ಕೆಮ್ಮಿನ ವಿಷಯಕ್ಕೆ ಡಾಕ್ಟರು ತಲೆ ಎತ್ತಿದರು. "ಯಾವಾಗ ಕೆಮ್ಮಿದ್ರು? ನೀರು ಕುಡಿಯುವಾಗ್ಲೋ, ಅನ್ನ ತಿನ್ನುವಾಗ್ಲೋ?" ಅದು ಅವರು ನನ್ನನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ. ನೀರು ಕುಡಿಯುವಾಗ ಎಂದೆ. ಅಪ್ಪನಿಗೆ ಚಮಚದಲ್ಲಿ ನೀರು ಕೊಟ್ಟು ಗಂಟಲು ನೋಡಿದರು. ನೀರನ್ನು ಚಮಚದಲ್ಲೇ ಕೊಡಬೇಕು, ಗಂಜಿಯನ್ನು ಗಟ್ಟಿಯಾಗಿ ಮಾಡಬೇಕು ಎಂದು ಹೇಳಿದರು. ನಂತರ ಸಿಸ್ಟರಿಗೆ, "ಟ್ಯೂಬ್ ಬೇಡ. ಕೈ ಬಿಚ್ಚೇ ಇರ್ಲಿ," ಎಂದು ಮುಂದೆ ನಡೆದರು.

ಆ ಆಸ್ಪತ್ರೆಯ ನಿಯಮ ಬದಲಾಯಿತೆಂದು ಯಾರೂ ಭಾವಿಸಬಾರದು. ನಾವು ಮನೆಗೆ ಹೊರಡುವ ದಿನವೂ ಸೆಕ್ಯುರಿಟಿಯವನು ಹೊಸಬರನ್ನು ಹೊರಗೆ ಕರೆಯುತ್ತಿದ್ದ. ಅಪ್ಪನೂ ಮೊದಲಿನಂತಾಗಲಿಲ್ಲ. ವಾಕರ್ ಹಿಡಿದು ಬಾಗಿಲವರೆಗೆ ನಡೆಯುತ್ತಾರೆ, ಕೆಲವು ಸಂಜೆ ಇನ್ನೂ ಅವ್ವನನ್ನು ಕೇಳುತ್ತಾರೆ. ನಾನು ಗೆದ್ದೆನೆಂದು ಬರೆಯುತ್ತಿಲ್ಲ. ಮುಂದೆ ಅಪ್ಪನಿಗಾಗಲಿ, ಇನ್ಯಾರಿಗಾಗಲಿ ನಾನು ಅಟೆಂಡರ್ ಆಗಿ ಹೋದರೆ ರೌಂಡ್ಸ್ ಹೊತ್ತಿಗೆ ಏಳುವುದಿಲ್ಲ ಎಂದು ಮಾತ್ರ ಬರೆಯುತ್ತಿದ್ದೇನೆ. ಓದುವವರೂ ಏಳಬೇಡಿ.

ಆ ದಿನ, ಟ್ಯೂಬ್ ಬೇಡವೆಂದು ಡಾಕ್ಟರು ಮುಂದಿನ ಮಂಚಕ್ಕೆ ಸರಿದಾಗ ತಮ್ಮ ಗೋಡೆ ಬಿಟ್ಟು ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ಅಕ್ಕ, ಹೋಗ್ಲಿ, ಕೈ ಬಿಚ್ಚಿಸಿದ್ರಲ್ಲ. ಒಂದ್ ಥ್ಯಾಂಕ್ಸ್ ಆದ್ರೂ ಹೇಳೇ."

"ಯಾಕೋ ಹೇಳ್ಬೇಕು?" ಎಂದೆ, ಪಿಸುಗುಟ್ಟದೆ. "ಕೈ ಅಪ್ಪಂದೇ ತಾನೆ?"